ಕಾರಿನ ಬಣ್ಣಕ್ಕೆ ಮನೆಯಲ್ಲೇ ಪಾಲಿಶ್ ಮಾಡಬಹುದೇ?

ಪ್ರಶ್ನೆ: ನಮ್ಮದು ಐದು ವರ್ಷ ಹಳೆಯ ಕಡು ನೀಲಿ ಕಾರು. ನೆರಳಲ್ಲಿ ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ತಂದು ನಿಲ್ಲಿಸಿದರೆ ಬಾನೆಟ್ ಮೇಲೆಲ್ಲ ಜೇಡರ ಬಲೆಯಂಥ ಸಣ್ಣ ಗೆರೆಗಳು. ಒಮ್ಮೆ ಹೊರಗೆ ಪಾಲಿಶ್ ಮಾಡಿಸಿದೆವು. ನಾಲ್ಕು ಸಲ ತೊಳೆಯುವಷ್ಟರಲ್ಲಿ ಗೆರೆಗಳು ವಾಪಸ್ ಬಂದವು. ಮನೆಯಲ್ಲೇ ಮಾಡೋಣ ಎಂದರೆ ಅಂಗಡಿಯಲ್ಲಿ ಕಾಂಪೌಂಡ್, ಪಾಲಿಶ್, ವ್ಯಾಕ್ಸ್, ಸೀಲಂಟ್, ಸೆರಾಮಿಕ್ ಎಂದು ಸಾಲು ಡಬ್ಬಿ ತೋರಿಸುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ? ಮಶೀನ್ ಬೇಕೇ ಬೇಕೇ? ಬಣ್ಣ ಕೆಡಿಸಿಕೊಳ್ಳುವ ಭಯವೂ ಇದೆ. ಅದೇ ಡಬ್ಬಿ ಬೈಕಿಗೂ ಆಗುತ್ತದೆಯೇ?
ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಮಾಡಬಹುದು. ರಜೆಯ ಒಂದು ದಿನ, ನೆರಳಿರುವ ಜಾಗ, ಏಳೆಂಟು ಒಳ್ಳೆಯ ಮೈಕ್ರೋಫೈಬರ್ ಬಟ್ಟೆ ಇದ್ದರೆ ಕೆಲಸ ಶುರುಮಾಡಬಹುದು. ಮೊದಲು ಡಬ್ಬಿಗಳ ಗೊಂದಲ ಬಗೆಹರಿಸೋಣ. ಎಷ್ಟೇ ಹೆಸರಿದ್ದರೂ ಅವುಗಳಲ್ಲಿ ಇರುವುದು ಎರಡೇ ಜಾತಿ. ಕಾಂಪೌಂಡ್ ಮತ್ತು ಪಾಲಿಶ್ ಬಣ್ಣದ ಮೇಲ್ಪದರವನ್ನು ಉಜ್ಜಿ ತೆಗೆಯುತ್ತವೆ. ವ್ಯಾಕ್ಸ್, ಸೀಲಂಟ್, ಸೆರಾಮಿಕ್ ಕೋಟಿಂಗ್ ಇವು ಅದರ ಮೇಲೆ ಇನ್ನೊಂದು ತೆಳು ಪದರ ಕೂರಿಸುತ್ತವೆ. ತೆಗೆಯುವುದು ಮೊದಲು, ಕೂರಿಸುವುದು ಆಮೇಲೆ. ತೆಗೆಯುವ ಕೆಲಸ ಕಾರಿನ ಇಡೀ ಆಯುಷ್ಯದಲ್ಲಿ ಕೆಲವೇ ಸಲ ಆಗಬೇಕು. ಕೂರಿಸುವ ಕೆಲಸ ವರ್ಷಕ್ಕೆ ಎರಡು ಮೂರು ಸಲವಾದರೂ ಆಗಬೇಕು. ನಮ್ಮಲ್ಲಿ ಎಷ್ಟೋ ಕಾರುಗಳಿಗೆ ಇದು ಉಲ್ಟಾ ಆಗಿದೆ. ಹಬ್ಬ ಬಂತೆಂದರೆ ಪಾಲಿಶ್, ಮದುವೆ ಬಂತೆಂದರೆ ಪಾಲಿಶ್, ಆಮೇಲೆ ಕಾಪಾಡುವ ಪದರ ಮಾತ್ರ ಒಂದೂ ಇಲ್ಲ.

ತೆಗೆಯುವುದಕ್ಕೆ ನಾನು ಇಷ್ಟು ಹಿಂದೇಟು ಹಾಕಲು ಕಾರಣ ಬಣ್ಣದ ದಪ್ಪ. ಕಾರ್ಖಾನೆಯಲ್ಲಿ ಉಕ್ಕಿನ ಬಾಡಿಯನ್ನು ಮೊದಲು ಫಾಸ್ಫೇಟ್ ದ್ರಾವಣದಲ್ಲಿ ಅದ್ದುತ್ತಾರೆ. ಆಮೇಲೆ ವಿದ್ಯುತ್ ಹಾಯಿಸಿದ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ತುಕ್ಕು ತಡೆಯುವುದು ಮುಖ್ಯವಾಗಿ ಈ ಪದರ. ಅದರ ಮೇಲೆ ಸಾಮಾನ್ಯವಾಗಿ ಇನ್ನೊಂದು ಪ್ರೈಮರ್, ಅದರ ಮೇಲೆ ಬೇಸ್ ಕೋಟ್. ನಿಮ್ಮ ಕಾರಿನ ನೀಲಿ ಇರುವುದು ಈ ಬೇಸ್ ಕೋಟ್‌ನಲ್ಲಿ. ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ 100 ಮೈಕ್ರಾನ್ ಆಸುಪಾಸು, ಒಂದಿಷ್ಟು ಹೆಚ್ಚು ಕಡಿಮೆ. ಅಂದರೆ ಜೆರಾಕ್ಸ್ ಮಾಡುವ ಒಂದು ಹಾಳೆಯಷ್ಟು ದಪ್ಪ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಹೊಳಪು ಇರುವುದು ಇದರಲ್ಲಿ, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಇರುವುದೂ ಇದರಲ್ಲೇ. ಮೆದು ಪಾಲಿಶ್ ಒಂದು ಸಲಕ್ಕೆ ಒಂದು ಮೈಕ್ರಾನ್ ಆಸುಪಾಸು ತೆಗೆದರೆ, ಒರಟು ಕಾಂಪೌಂಡ್ ಮಶೀನಿನಲ್ಲಿ ಅದರ ಎರಡು ಮೂರು ಪಟ್ಟು ತೆಗೆಯುತ್ತದೆ. ಹೀಗೆ ತೆಗೆಯುತ್ತಾ ಹೋದರೆ ಒಂದು ಬೇಸಿಗೆಯಲ್ಲಿ ರೂಫ್ ಮೇಲೋ ಬಾನೆಟ್ ಮೇಲೋ ಬಿಳಿಚಿಕೊಂಡ ಮಚ್ಚೆ ಕಾಣಿಸುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಅಲ್ಲಿಗೆ ಯಾವ ಡಬ್ಬಿಯೂ ಉಪಯೋಗಕ್ಕೆ ಬಾರದು, ಪೇಂಟ್ ಬೂತಿಗೆ ಒಯ್ಯುವುದೊಂದೇ ದಾರಿ.

ಮನೆಯ ಹಿರಿಯರು "ವರ್ಷಕ್ಕೆ ಎರಡು ಸಲ ರಬ್ಬಿಂಗ್ ಪಾಲಿಶ್ ಹೊಡೆಸು" ಎನ್ನುತ್ತಾರಲ್ಲ, ಅವರ ಕಾಲಕ್ಕೆ ಅದು ಸರಿಯಾದ ಮಾತೇ. ಆ ಕಾಲದ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ. ಬಣ್ಣ ಮತ್ತು ಹೊಳಪು ಎರಡೂ ಒಂದೇ ಪದರದಲ್ಲಿ. ಬಿಸಿಲಿಗೆ ಮೇಲ್ಭಾಗ ಸುಣ್ಣದಂಥ ಪುಡಿಯಾಗಿ ನಿಲ್ಲುತ್ತಿತ್ತು, ಅದನ್ನು ಉಜ್ಜಿ ತೆಗೆದರೆ ಅಡಿಯಲ್ಲಿ ಹೊಸ ಬಣ್ಣ ಸಿಗುತ್ತಿತ್ತು. ಇವತ್ತಿಗೂ ಅಂಥ ಹಳೆ ಗಾಡಿ ಇಟ್ಟುಕೊಂಡವರು ಪಾಲಿಶ್ ಮಾಡುವಾಗ ಬಟ್ಟೆಗೆ ಬಣ್ಣ ಹತ್ತಿದರೆ ಗಾಬರಿಯಾಗಬೇಕಿಲ್ಲ. ನಿಮ್ಮ ಕಾರಿನಲ್ಲಿ ಮಾತ್ರ ಬಟ್ಟೆಗೆ ನೀಲಿ ಹತ್ತಿತೆಂದರೆ ಕ್ಲಿಯರ್ ಕೋಟ್ ಮುಗಿದಿದೆ ಎಂದರ್ಥ. ಆ ಕ್ಷಣವೇ ಕೈ ನಿಲ್ಲಿಸಿ.

ಈಗ ಆ ಬಲೆಯ ವಿಷಯ. ಅವು ಸುತ್ತು ಸುತ್ತಾಗಿ ಕಾಣುತ್ತವೆಯೇ ಹೊರತು ಬಿದ್ದಿರುವುದು ಎಲ್ಲ ದಿಕ್ಕಿಗೂ ಹರಿದ ಸಣ್ಣ ನೇರ ಗೀರುಗಳಾಗಿ. ಸೂರ್ಯನ ಬೆಳಕಿಗೆ ಅಡ್ಡಲಾಗಿರುವ ಗೀರು ಮಾತ್ರ ಮಿಂಚುತ್ತದೆ, ಉಳಿದವು ಅಡಗಿರುತ್ತವೆ. ಹಾಗಾಗಿ ಸೂರ್ಯನ ಪ್ರತಿಬಿಂಬದ ಸುತ್ತ ವರ್ತುಲ ಕಟ್ಟಿದಂತೆ ತೋರುತ್ತದೆ. ನೀವು ಎರಡು ಹೆಜ್ಜೆ ಸರಿದರೆ ಬಲೆಯೂ ನಿಮ್ಮ ಜೊತೆ ಸರಿಯುತ್ತದೆ, ನೋಡಿ. ಡಿಟೇಲಿಂಗ್ ಮಾಡುವವರು ಇದಕ್ಕೆ ಸ್ವರ್ಲ್ ಎನ್ನುತ್ತಾರೆ. ಹೊರಗೆ ಪಾಲಿಶ್ ಮಾಡಿಸಿದಾಗ ಮಾಯವಾಗಿ ಮತ್ತೆ ಬಂದವೆಂದರೆ, ಹೆಚ್ಚಾಗಿ ಆಗಿರುವುದು ಇಷ್ಟು: ಅಗ್ಗದ ಪಾಲಿಶ್‌ನಲ್ಲಿ ಎಣ್ಣೆ ಮತ್ತು ಗೀರು ತುಂಬುವ ಫಿಲ್ಲರ್ ಇರುತ್ತದೆ. ಗೀರು ಹೋಗಿರಲಿಲ್ಲ, ತುಂಬಿಕೊಂಡಿತ್ತು. ಶಾಂಪೂ ಬಿದ್ದಾಗ ತೊಳೆದು ಹೋಯಿತು.

ಗೀರು ಹುಟ್ಟುವುದು ತೊಳೆಯುವಾಗ, ಅದಕ್ಕಿಂತ ಹೆಚ್ಚಾಗಿ ಒಣ ಬಟ್ಟೆಯಲ್ಲಿ ಒರೆಸುವಾಗ. ನಿಮ್ಮ ಕಡೆಯ ಎರೆ ಮಣ್ಣು ನೋಡಲು ನುಣ್ಣಗಿದ್ದರೂ ರಸ್ತೆಯ ದೂಳಿನಲ್ಲಿ ಅದರ ಜೊತೆ ಮರಳಿನ ಕಣವೂ ಇರುತ್ತದೆ, ಅದು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಬೆಳಿಗ್ಗೆ ಎದ್ದು ಹಳದಿ ಬಟ್ಟೆಯಲ್ಲಿ ಬಾನೆಟ್ ಝಾಡಿಸಿ ಒರೆಸುವುದೆಂದರೆ ಆ ಕಣಗಳನ್ನು ಒತ್ತಿ ಎಳೆದ ಹಾಗೆಯೇ. ಅಪಾರ್ಟ್‌ಮೆಂಟುಗಳಲ್ಲಿ ದಿನವೂ ಕಾರು ಒರೆಸಲು ಬರುವವರ ಕೈಗೆ ನಾವು ಕೊಡುವುದು ಒಂದು ಬಕೆಟ್, ಒಂದು ಬಟ್ಟೆ. ಅದೇ ನೀರಿನಲ್ಲಿ ಅವರು ಹತ್ತು ಕಾರು ಮುಗಿಸಬೇಕು. ಗೀರಿನ ಹೊಣೆಯನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ದಿನವೂ ಒರೆಸುವುದು ಬೇಡ, ವಾರಕ್ಕೊಮ್ಮೆ ನೀರು ಹಾಕಿ ತೊಳೆದರೆ ಸಾಕು ಎಂದು ಹೇಳಿ, ಪೂರ್ತಿ ಸಂಬಳ ಕೊಡಿ, ನಿಮ್ಮದೇ ಬಟ್ಟೆ ಕೊಡಿ. ಬಣ್ಣಕ್ಕೂ ಅವರ ಬೆನ್ನಿಗೂ ಒಳ್ಳೆಯದು.

ತೊಳೆಯುವ ಕ್ರಮ ಹೀಗೆ. ಕಾರು ನೆರಳಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ. ಮೊದಲು ಬರೀ ನೀರು, ಮೇಲಿನಿಂದ ಕೆಳಕ್ಕೆ, ಬಟ್ಟೆ ತಾಕಿಸದೆ. ಸಡಿಲ ದೂಳೆಲ್ಲ ಹರಿದು ಹೋಗಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗವುಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆಯಿರಿ, ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ ಕೊಳೆ ಬಿಡಿಸಿ, ಮತ್ತೆ ಶಾಂಪೂಗೆ ಹೋಗಿ. ರೂಫ್, ಗಾಜು, ಬಾನೆಟ್, ಡೋರ್ ಆದ ಮೇಲೆ ಕೊನೆಗೆ ಬಂಪರ್ ಮತ್ತು ಡೋರಿನ ತಳಭಾಗ. ವೀಲಿಗೆ ಬೇರೆಯದೇ ಬಟ್ಟೆ. ಪಾಲಿಶ್‌ಗೆ ಮುಂಚಿನ ಈ ಒಂದು ತೊಳೆತಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೂ ನಡೆದೀತು, ಹಳೆ ವ್ಯಾಕ್ಸ್ ಬಿಡುತ್ತದೆ. ದಿನನಿತ್ಯಕ್ಕೆ ಅದು ಬೇಡ. ಬೋರ್‌ವೆಲ್ ನೀರಾದರೆ ತಾನಾಗಿ ಒಣಗಲು ಬಿಡಲೇಬೇಡಿ. ನೀರು ಹಾರಿಹೋಗಿ ಸುಣ್ಣ ಉಳಿಯುತ್ತದೆ, ಬಿಸಿಲಿಗೆ ಅದು ಬಿಳಿ ಉಂಗುರವಾಗಿ ಕಚ್ಚಿಕೊಳ್ಳುತ್ತದೆ. ದಪ್ಪ ಮೈಕ್ರೋಫೈಬರ್ ಟವೆಲನ್ನು ಹಾಸಿ, ನೀರು ಹೀರಿಸಿ ಎತ್ತಿ. ಉಂಗುರಗಳು ಆಗಲೇ ಕೂತಿದ್ದರೆ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಒಂದು ನಿಮಿಷ ಒತ್ತಿಟ್ಟು, ಚೆನ್ನಾಗಿ ನೀರು ಹಾಕಿ. ಬೇಸ್‌ಮೆಂಟ್ ಸೀಲಿಂಗಿನಿಂದ ತೊಟ್ಟಿಕ್ಕುವ ಕಾಂಕ್ರೀಟ್ ನೀರಿನ ಕಲೆಗೂ ಇದೇ ಮದ್ದು, ಆದರೆ ಆ ಕಲೆ ಹಳತಾದಷ್ಟೂ ಆಳಕ್ಕೆ ಇಳಿದಿರುತ್ತದೆ. ಉಗುರಿನಲ್ಲಿ ಕೆರೆಯಬೇಡಿ.

ತೊಳೆದು ಒಣಗಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ, ಬೆರಳ ತುದಿಯನ್ನು ಬಾನೆಟ್ ಮೇಲೆ ಹಗುರವಾಗಿ ಆಡಿಸಿ. ಬರಿಗೈಗೆ ನುಣ್ಣಗೆನಿಸಿದ ಜಾಗದಲ್ಲೇ ಕವರಿನ ಮೂಲಕ ಸಣ್ಣ ಸಣ್ಣ ತರಿ ತಾಕುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಟಾರಿನ ಹನಿ, ಮರದ ಅಂಟು ಎಲ್ಲ ಅಲ್ಲಿ ನೆಟ್ಟುಕೊಂಡಿವೆ. ನಿಮ್ಮದು ರೈಲ್ವೆ ಊರು. ಸ್ಟೇಷನ್ ಪಕ್ಕದಲ್ಲೇ ದಿನವಿಡೀ ನಿಲ್ಲಿಸುವ ಕಾರಾದರೆ ಕಬ್ಬಿಣದ ಕಣ ಇನ್ನೂ ಜಾಸ್ತಿ ಸಿಗುತ್ತದೆ. ಇವನ್ನು ತೆಗೆಯದೆ ಪಾಲಿಶ್ ಮಾಡಿದರೆ ಅವೇ ಕಣ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಎಳೆಯುತ್ತವೆ. ತೆಗೆಯಲು ಕ್ಲೇ ಬಾರ್ ಎಂಬ ಮೆದು ಜೇಡಿಯಂಥ ಉಂಡೆ ಸಿಗುತ್ತದೆ. ಶಾಂಪೂ ನೀರನ್ನು ಧಾರಾಳವಾಗಿ ಸಿಂಪಡಿಸಿ, ಉಂಡೆಯನ್ನು ಚಪ್ಪಟೆ ಮಾಡಿ, ಒತ್ತಡವಿಲ್ಲದೆ ಹಿಂದಕ್ಕೆ ಮುಂದಕ್ಕೆ ಜಾರಿಸಿ. ಮೊದಮೊದಲು ಕರಕರ ಎಂದು ತಡೆಯುತ್ತದೆ, ನಾಲ್ಕೈದು ಸಲಕ್ಕೆ ಸದ್ದು ನಿಂತು ಸರಾಗ ಜಾರುತ್ತದೆ. ಉಂಡೆ ಮಗುಚಿ ನೋಡಿದರೆ ಕಂದು ಚುಕ್ಕೆಗಳು. ಅದನ್ನು ಮಡಚಿ, ಹೊಸ ಮೈ ಹೊರಳಿಸಿ ಮುಂದುವರಿಯಿರಿ. ಕೈತಪ್ಪಿ ನೆಲಕ್ಕೆ ಬಿತ್ತೋ, ಬಿಸಾಡಿ. ಎಷ್ಟು ತೊಳೆದರೂ ಮರಳು ಬಿಡುವುದಿಲ್ಲ.

ಇಷ್ಟು ಆದ ಮೇಲೆ ಕಾರನ್ನು ಇನ್ನೊಮ್ಮೆ ಬೆಳಕಿಗೆ ತಂದು ನೋಡಿ, ಪಾಲಿಶ್ ನಿಜಕ್ಕೂ ಬೇಕೇ ಎಂದು ಕೇಳಿಕೊಳ್ಳಿ. ಬಿಳಿ ಅಥವಾ ಸಿಲ್ವರ್ ಕಾರಾಗಿದ್ದರೆ ಇಲ್ಲಿಂದ ನೇರವಾಗಿ ಸೀಲಂಟ್‌ಗೆ ಹೋಗಿ ಎನ್ನುತ್ತಿದ್ದೆ. ನಿಮ್ಮದು ಕಡು ನೀಲಿ, ಗೀರು ಎದ್ದು ಕಾಣುತ್ತವೆ, ಹಾಗಾಗಿ ಒಂದು ಸಲ ಮೆದು ಪಾಲಿಶ್ ಮಾಡುವುದರಲ್ಲಿ ಅರ್ಥವಿದೆ. ಯಾವುದಾದರೂ ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದಾಗ ಉಗುರು ತಡೆದು ನಿಂತರೆ ಆ ಗೀರನ್ನು ಬಿಟ್ಟುಬಿಡಿ. ಅದು ಹೋಗುವಷ್ಟು ಉಜ್ಜಿದರೆ ಸುತ್ತಲಿನ ಕ್ಲಿಯರ್ ಕೋಟೂ ಹೋಗುತ್ತದೆ. ಇನ್ನೊಂದು ಮಾತು: ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಪಾಲಿಶ್ ಸೋಕಿಸಲೇಬಾರದು, ಒಂದೇ ಕಡೆ ಹೊಳೆದು ನಿಲ್ಲುವ ಮಚ್ಚೆಯನ್ನು ಸರಿಮಾಡುವ ಉಪಾಯವಿಲ್ಲ. ಟಿಂಕರಿಂಗ್ ಆಗಿ ಮತ್ತೆ ಬಣ್ಣ ಹೊಡೆಸಿದ ಡೋರ್ ಇದ್ದರೆ ಅದರ ಬಣ್ಣ ಕಾರ್ಖಾನೆಯದಕ್ಕಿಂತ ಮೆತ್ತಗಿರಬಹುದು, ಅಲ್ಲಿ ಕೈ ಇನ್ನೂ ಹಗುರ.

ಮಶೀನ್ ಇಲ್ಲದೆ ಮಾಡಬಹುದು. ಡಬ್ಬಿಯ ಮೇಲೆ ಫೈನ್ ಅಥವಾ ಫಿನಿಶಿಂಗ್ ಎಂದು ಬರೆದಿರುವುದನ್ನೇ ತನ್ನಿ. ಗೀರು ತೆಗೆಯುವ ಒರಟು ಕಾಂಪೌಂಡ್ ಮೊದಲ ದಿನ ಮನೆಗೆ ಬರುವುದೇ ಬೇಡ. ಬಾನೆಟ್‌ನ ಒಂದು ಮೂಲೆಯಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಚೌಕ ಮಾಡಿ. ಫೋಮ್ ಪ್ಯಾಡಿಗೆ ಕಡಲೆಕಾಳಿನ ಗಾತ್ರದ ಮೂರು ಹನಿ ಪಾಲಿಶ್. ಮೊದಲು ಸವರಿ ಹರಡಿ. ಆಮೇಲೆ ಮಧ್ಯಮ ಒತ್ತಡದಲ್ಲಿ ಎಡದಿಂದ ಬಲಕ್ಕೆ ಒಂದರ ಮೇಲೊಂದು ಅರ್ಧ ಬರುವಂತೆ ಉಜ್ಜಿ, ಆಮೇಲೆ ಮೇಲಿನಿಂದ ಕೆಳಕ್ಕೆ. ಬಿಳಿಯಾಗಿದ್ದ ಪಾಲಿಶ್ ನಿಧಾನಕ್ಕೆ ಪಾರದರ್ಶಕವಾಗಿ, ತೆಳು ಎಣ್ಣೆಯ ಪೊರೆಯಾಗಿ ಉಳಿದಾಗ ನಿಲ್ಲಿಸಿ. ಒಣಗಿ ಪುಡಿಯಾಗುವವರೆಗೆ ಉಜ್ಜಿದರೆ ಮಬ್ಬು ಕೂರುತ್ತದೆ. ಶುದ್ಧ ಬಟ್ಟೆಯಲ್ಲಿ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲಿಗೆ ಏಳೆಂಟು ಪಾಲು ನೀರು ಬೆರೆಸಿದ ದ್ರಾವಣ ಸಿಂಪಡಿಸಿ ಮತ್ತೆ ಒರೆಸಿ. ಎಣ್ಣೆ ಹೋದ ಮೇಲೆ ಕಾಣುವುದೇ ನಿಜವಾದ ಫಲ. ಟೇಪ್ ಕಿತ್ತು, ಮೊಬೈಲ್ ಟಾರ್ಚ್ ಹಿಡಿದು ಗೆರೆಯ ಆಚೆ ಈಚೆ ಹೋಲಿಸಿ. ಅರ್ಧಕ್ಕಿಂತ ಹೆಚ್ಚು ಗೀರು ಮಂಕಾಗಿದ್ದರೆ ಸಾಕು, ಇದೇ ಕ್ರಮದಲ್ಲಿ ಇಡೀ ಕಾರು ಮಾಡಿ. ನೂರಕ್ಕೆ ನೂರು ಹೋಗಬೇಕೆಂದು ಹಟಕ್ಕೆ ಬೀಳಬೇಡಿ. ದಿನಬಳಕೆಯ ಕಾರಿಗೆ ಅಷ್ಟು ಬೇಕಿಲ್ಲ, ಉಳಿಸಿದ ಕ್ಲಿಯರ್ ಕೋಟ್ ಮುಂದಿನ ಹತ್ತು ವರ್ಷಕ್ಕೆ ಬೇಕು.

ಇಡೀ ಕಾರನ್ನು ಕೈಯಲ್ಲಿ ಉಜ್ಜಿದರೆ ರಟ್ಟೆ ಬೀಳುತ್ತದೆ, ನಿಜ. ಮಶೀನ್ ಕೊಳ್ಳುವುದಾದರೆ ಡ್ಯುಯಲ್ ಆ್ಯಕ್ಷನ್ ಎಂಬ ಬಗೆಯದ್ದನ್ನೇ ಕೊಳ್ಳಿ. ಅದರ ಪ್ಯಾಡ್ ತನ್ನ ಸುತ್ತ ತಿರುಗುತ್ತಲೇ ಓಲಾಡುತ್ತದೆ, ಒತ್ತಡ ಹೆಚ್ಚಾದರೆ ತಿರುಗುವುದು ತಾನಾಗಿ ನಿಲ್ಲುತ್ತದೆ, ಒಂದೇ ಜಾಗ ಕಾಯುವುದಿಲ್ಲ. ಗ್ರೈಂಡರಿನಂತೆ ಒಂದೇ ಅಚ್ಚಿನ ಮೇಲೆ ತಿರುಗುವ ರೋಟರಿ ಮಶೀನ್ ಪಳಗಿದ ಕೈಗೆ ಮಾತ್ರ. ಹೊಸಬರು ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಬಣ್ಣ ಸುಡುತ್ತದೆ. ಯಾವ ಮಶೀನಾದರೂ ಬಾನೆಟ್ ಅಂಚು, ಡೋರಿನ ಉಬ್ಬು ಗೆರೆ, ಬಂಪರಿನ ಮೂಲೆ ಇವಕ್ಕೆ ಮೊದಲೇ ಟೇಪ್ ಅಂಟಿಸಿ. ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ ಭಾಗಕ್ಕೂ ಟೇಪ್ ಬೇಕು, ಅಲ್ಲಿ ಒಣಗಿದ ಪಾಲಿಶ್‌ನ ಬಿಳಿ ಕಲೆ ತೆಗೆಯುವುದು ದೊಡ್ಡ ಕಾಟ.

ಇನ್ನು ಕೂರಿಸುವ ಕೆಲಸ. ನನ್ನ ದೃಷ್ಟಿಯಲ್ಲಿ ಮನೆಯಲ್ಲಿ ಮಾಡುವವರು ಹೆಚ್ಚು ಗಮನ ಕೊಡಬೇಕಾದ್ದು ಇದಕ್ಕೇ, ಅತಿ ಸುಲಭದ್ದೂ ಇದೇ. ಕಾರ್ನೌಬಾ ವ್ಯಾಕ್ಸ್ ಈಶಾನ್ಯ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಒಳ್ಳೆಯ ಹೊಳಪು, ಆದರೆ ನಮ್ಮ ಬಿಸಿಲು ಮಳೆಗೆ ಕೆಲವು ವಾರವಷ್ಟೇ ಬಾಳುತ್ತದೆ. ಸಿಂಥೆಟಿಕ್ ಸೀಲಂಟ್ ಪಾಲಿಮರ್ ಪದರ. ಮೂರರಿಂದ ಆರು ತಿಂಗಳು. ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರದ್ದು, ವರ್ಷಗಟ್ಟಲೆ ಬಾಳಬಲ್ಲದು, ಆದರೆ ಹಚ್ಚಿ ಸಮಯಕ್ಕೆ ಸರಿಯಾಗಿ ಒರೆಸದಿದ್ದರೆ ಗಟ್ಟಿಯಾಗಿ ಕೂತ ಪಟ್ಟೆಯನ್ನು ಮತ್ತೆ ಪಾಲಿಶ್ ಮಾಡಿಯೇ ತೆಗೆಯಬೇಕು. ಸೆರಾಮಿಕ್ ಇದ್ದರೆ ಗೀರೇ ಬೀಳದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಸಲಕ್ಕೆ ಸೀಲಂಟ್ ಸರಿ. ಅರ್ಧ ರೂಪಾಯಿ ನಾಣ್ಯದಷ್ಟು ಸೀಲಂಟ್ ಒಂದು ಡೋರಿಗೆ ಸಾಕು. ಕಂಡೂ ಕಾಣದಷ್ಟು ತೆಳುವಾಗಿ ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ದಪ್ಪಗೆ ಬಳಿದರೆ ಹೆಚ್ಚು ದಿನ ಬಾಳುವುದಿಲ್ಲ, ಒರೆಸುವ ಕೆಲಸ ಮಾತ್ರ ಹೆಚ್ಚುತ್ತದೆ. ಆ ರಾತ್ರಿ ಕಾರು ನೆನೆಯದಿರಲಿ. ಮುಂದಿನ ಗಾಜಿಗೆ ಸೋಕಿಸಬೇಡಿ, ಮಳೆಯಲ್ಲಿ ವೈಪರ್ ಆಡಿದಾಗ ಮಬ್ಬು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಡೀಸೆಲ್ ಒರೆಸಿ ಮಿಂಚಿಸುವ ರೂಢಿ ನಮ್ಮಲ್ಲಿದೆ. ಒಂದು ಗಂಟೆ ಹೊಳೆದು ಆಮೇಲೆ ದೂಳನ್ನೆಲ್ಲ ಹಿಡಿದುಕೊಳ್ಳುತ್ತದೆ, ರಬ್ಬರ್ ಬೀಡಿಂಗನ್ನೂ ಕೆಡಿಸುತ್ತದೆ.

ಯಾವಾಗ ಮಾಡಬೇಕು? ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ ಒಂದು ಸಲ, ದಸರೆಗೆ ಒಂದು ಸಲ, ಬೇಸಿಗೆ ಏರುವ ಮುಂಚೆ ಒಂದು ಸಲ ಸೀಲಂಟ್. ದಸರೆಯದಕ್ಕೆ ಬೇರೆ ಕಾರಣವೂ ಇದೆ. ಆಯುಧಪೂಜೆಯ ದಿನ ಬಾನೆಟ್ ಮೇಲೆ ಅರಿಶಿನ, ಕುಂಕುಮ, ವಿಭೂತಿ ಬೀಳುವುದೇ. ಸೀಲಂಟ್ ಇರುವ ಮೈಗೆ ಅದು ಅಷ್ಟಾಗಿ ಕಚ್ಚುವುದಿಲ್ಲ. ಮರುದಿನ ಒಣಗಿದ ಕುಂಕುಮವನ್ನು ಬಟ್ಟೆಯಲ್ಲಿ ತಿಕ್ಕಬೇಡಿ, ನೀರು ಹಾಕಿ ನೆನೆಸಿ ಹರಿಯಲು ಬಿಡಿ. ತಿಳಿ ಬಣ್ಣದ ಕಾರಿನಲ್ಲಿ ಅರಿಶಿನದ ಹಳದಿ ಉಳಿದರೂ ಚಿಂತೆಯಿಲ್ಲ, ಕೆಲವು ದಿನದ ಬಿಸಿಲಿಗೆ ತಾನಾಗಿ ಮಾಸುತ್ತದೆ. ಹೂವಿನ ಹಾರ ಕಟ್ಟಿದ ದಾರವನ್ನು ಊರು ಸುತ್ತಿ ಬಂದ ಮೇಲಾದರೂ ಬಿಚ್ಚಿಬಿಡಿ, ಗಾಳಿಗೆ ಅಲುಗಾಡಿ ಒಂದೇ ಜಾಗವನ್ನು ತೇಯುತ್ತಿರುತ್ತದೆ.

ಹಕ್ಕಿ ಹಿಕ್ಕೆಗೆ ಮಾತ್ರ ಕಾಯಬೇಡಿ, ಸೀಲಂಟ್ ಇದ್ದರೂ ಸರಿ. ಅದರ ಆಮ್ಲ ಒಂದು ಕಡೆ. ಇನ್ನೊಂದು ಕಡೆ, ಬಿಸಿಲಿಗೆ ಮೆತ್ತಗಾಗಿ ಹಿಗ್ಗಿದ ಕ್ಲಿಯರ್ ಕೋಟ್ ಸಂಜೆ ತಣ್ಣಗಾಗುವಾಗ ಒಣಗಿದ ಹಿಕ್ಕೆಯ ಆಕಾರಕ್ಕೇ ಬಿಗಿದುಕೊಳ್ಳುತ್ತದೆ, ಆ ಅಚ್ಚು ಹೋಗುವುದಿಲ್ಲ. ಒದ್ದೆ ಟಿಶ್ಯೂ ಐದು ನಿಮಿಷ ಹಾಸಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಒಂದು ಬಟ್ಟೆ ಇದಕ್ಕಾಗಿಯೇ ಇರಲಿ. ಸೀಲಂಟ್ ಇನ್ನೂ ಉಳಿದಿದೆಯೋ ಇಲ್ಲವೋ ಎಂಬುದನ್ನು ತೊಳೆಯುವಾಗಲೇ ತಿಳಿಯಬಹುದು. ನೀರು ದುಂಡು ಹನಿಯಾಗಿ ಕೂತು, ಸರಸರ ಜಾರಿದರೆ ಇದೆ. ಹಾಳೆಯಂತೆ ಹರಡಿ ಅಲ್ಲೇ ನಿಂತರೆ, ಶಾಂಪೂ ಹಾಕಿ ತೊಳೆದ ಮೇಲೂ ಹಾಗೇ ನಿಂತರೆ, ಮತ್ತೆ ಹಚ್ಚುವ ಹೊತ್ತು ಬಂದಿದೆ. ಹಚ್ಚಬೇಕಾದ್ದು ಸೀಲಂಟ್ ಮಾತ್ರ, ಪಾಲಿಶ್ ಬೇಡ.

ಬೈಕಿನ ಟ್ಯಾಂಕ್, ಸ್ಕೂಟರಿನ ಮಡ್‌ಗಾರ್ಡ್ ಮತ್ತು ಪ್ಯಾನೆಲ್‌ಗಳಿಗೆ ಇದೇ ಡಬ್ಬಿ, ಇದೇ ಕ್ರಮ. ಟ್ಯಾಂಕ್ ಸಣ್ಣದು, ಉಬ್ಬುತಗ್ಗು ಜಾಸ್ತಿ, ಆದ್ದರಿಂದ ಮಶೀನ್ ಬೇಡ, ಕೈಯೇ ಸರಿ. ಪೆಟ್ರೋಲ್ ಚೆಲ್ಲಿದ ಮುಚ್ಚಳದ ಸುತ್ತ ಸೀಲಂಟ್ ಬೇಗ ಹೋಗುತ್ತದೆ, ಅಲ್ಲಿ ತಿಂಗಳಿಗೊಮ್ಮೆ ಹಚ್ಚಿದರೂ ತಪ್ಪಿಲ್ಲ. ಬ್ರೇಕ್ ಡಿಸ್ಕ್, ಟೈರಿನ ನೆಲ ತಾಕುವ ಭಾಗ, ಸೀಟು, ಕಾಲಿಡುವ ಜಾಗ ಈ ನಾಲ್ಕಕ್ಕೆ ವ್ಯಾಕ್ಸ್ ಆಗಲಿ ಸೀಲಂಟ್ ಆಗಲಿ ಒಂದು ಹನಿಯೂ ತಾಕಬಾರದು. ಸ್ಪ್ರೇ ಡಬ್ಬಿಯಾದರೆ ನೇರವಾಗಿ ಗಾಡಿಯ ಮೇಲೆ ಹೊಡೆಯದೆ ಬಟ್ಟೆಗೆ ಹೊಡೆದುಕೊಂಡು ಹಚ್ಚಿ, ಕೆಲಸ ಮುಗಿದ ಮೇಲೆ ಮನೆ ಮುಂದೆಯೇ ನಿಧಾನಕ್ಕೆ ಓಡಿಸಿ ಎರಡೂ ಬ್ರೇಕ್ ಹಿಡಿದು ನೋಡಿ, ಆಮೇಲೆ ರಸ್ತೆಗೆ ಇಳಿಸಿ.